ಸಣ್ಣ ವಿಮಾನ, ದೊಡ್ಡ ವಿಮಾನ, ಒಂದೇ ಆಕಾಶ: ಅಂತರ ಕಾಯುವವರು ಯಾರು?

ಪ್ರಶ್ನೆ: ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ. ತಾರಸಿ ಮೇಲೆ ನಿಂತರೆ ದೇವನಹಳ್ಳಿಗೆ ಬರುವ, ಅಲ್ಲಿಂದ ಹೊರಡುವ ದೊಡ್ಡ ವಿಮಾನಗಳು ಕಾಣುತ್ತವೆ. ಒಮ್ಮೊಮ್ಮೆ ಅವುಗಳಿಗಿಂತ ಎಷ್ಟೋ ಕೆಳಗೆ ಒಂದು ಪುಟ್ಟ ವಿಮಾನ ಸದ್ದು ಮಾಡಿಕೊಂಡು ಹೋಗುತ್ತದೆ. ನನ್ನ ಮಗಳು ಪಿಯುಸಿ ಮುಗಿಸಿ ಪೈಲಟ್ ತರಬೇತಿಗೆ ಸೇರುತ್ತಿದ್ದಾಳೆ. ಮೊದಲು ‘ವಿಎಫ್‌ಆರ್’ ಹಾರಾಟ, ಅಂದರೆ ಕಣ್ಣಿಂದ ನೋಡಿಕೊಂಡು ಹಾರುವುದು ಕಲಿಸುತ್ತಾರಂತೆ. ದೊಡ್ಡ ವಿಮಾನಗಳದ್ದು ‘ಐಎಫ್‌ಆರ್’, ಮೀಟರ್ ನೋಡಿಕೊಂಡು ಹಾರುವುದಂತೆ. ಇಬ್ಬರೂ ಒಂದೇ ಕಡೆ ಇದ್ದಾಗ ಡಿಕ್ಕಿಯಾಗದ ಹಾಗೆ ನೋಡಿಕೊಳ್ಳುವವರು ಯಾರು? ರಾಡಾರ್ ಮುಂದೆ ಕೂತವರಿಗೆ ಎಲ್ಲಾ ಕಾಣುತ್ತದಲ್ಲ, ಮತ್ತೆ ಇವಳು ಯಾವಾಗಲೂ ಹೊರಗೆ ನೋಡುತ್ತಲೇ ಇರಬೇಕು ಅಂತ ಯಾಕೆ ಹೇಳುತ್ತಾರೆ?

ಉತ್ತರ: ಮೇಡಂ, ನೇರವಾಗಿ ಹೇಳಿಬಿಡುತ್ತೇನೆ. ಒಮ್ಮೆ ಕಂಟ್ರೋಲರ್ (ನೆಲದ ಮೇಲೆ ಕೂತು ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವವರು) ನೋಡಿಕೊಳ್ಳುತ್ತಾರೆ, ಒಮ್ಮೆ ಇಬ್ಬರೂ ಪೈಲಟ್‌ಗಳು ನೋಡಿಕೊಳ್ಳುತ್ತಾರೆ, ಕೆಲವು ಸಲ ನಿಮ್ಮ ಮಗಳು ಒಬ್ಬಳೇ ನೋಡಿಕೊಳ್ಳಬೇಕಾಗುತ್ತದೆ. ವಿಮಾನ ಯಾವ ವರ್ಗದ ಆಕಾಶದಲ್ಲಿದೆ, ಹವೆ ಹೇಗಿದೆ, ರೇಡಿಯೋದಲ್ಲಿ ಕೊನೆಗೆ ಏನು ಮಾತಾಯಿತು, ಇವುಗಳ ಮೇಲೆ ಅದು ನಿಂತಿದೆ. ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಕೆಲಸ ಮಾಡಿದವನು. ನನ್ನ ಅಭಿಪ್ರಾಯದಲ್ಲಿ ಅತಿ ಅಪಾಯದ ಗಳಿಗೆ ಒಂದೇ: ಅಂತರ ಕಾಯುವ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆ. ಆಗ ಇಬ್ಬರೂ ‘ಅವರು ನೋಡ್ಕೋತಾರೆ ಬಿಡು’ ಅಂದುಕೊಂಡರೆ ಕೆಲಸ ಕೆಟ್ಟಿತು. ಉಳಿದ ನಿಯಮಗಳನ್ನೆಲ್ಲ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ವಿಎಫ್‌ಆರ್. ಪೈಲಟ್ ದಿಗಂತ, ಬೆಟ್ಟ, ಕೆರೆ, ರಸ್ತೆ, ಬೇರೆ ವಿಮಾನ ಎಲ್ಲವನ್ನೂ ಕಣ್ಣಾರೆ ನೋಡಿ ಹಾರುತ್ತಾರೆ. ಹಾಗೆ ನೋಡಲು ಹವೆ ಬಿಡಬೇಕು. ಅದಕ್ಕೆ ಅಳತೆ ಇದೆ. 10,000 ಅಡಿಗಿಂತ ಕೆಳಗೆ ಕನಿಷ್ಠ 5 ಕಿ.ಮೀ. ದೂರದವರೆಗೆ ಕಾಣಬೇಕು. ನಿಯಂತ್ರಿತ ಆಕಾಶದಲ್ಲಿ, ಅಂದರೆ ಕಂಟ್ರೋಲರ್‌ಗಳ ಸುಪರ್ದಿಯಲ್ಲಿರುವ ಭಾಗದಲ್ಲಿ, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲಕ್ಕೂ ಕೆಳಕ್ಕೂ 1,000 ಅಡಿ ದೂರ ಇರಬೇಕು. ಕಂಟ್ರೋಲ್ ಝೋನ್ (ನಿಲ್ದಾಣದ ಸುತ್ತ ನೆಲದಿಂದಲೇ ಶುರುವಾಗುವ ನಿಯಂತ್ರಿತ ಆಕಾಶ) ಒಳಗಿನ ನಿಲ್ದಾಣದಿಂದ ಏಳಬೇಕಾದರೆ, ಇಳಿಯಬೇಕಾದರೆ ಮೋಡದ ತಳ ನೆಲದಿಂದ 1,500 ಅಡಿಯಾದರೂ ಮೇಲಿರಬೇಕು. ನಮ್ಮ ದೇಶದಲ್ಲಿ ವಿಎಫ್‌ಆರ್ ಅಂದರೆ ಮಾಮೂಲಾಗಿ ಹಗಲಿನ ಹಾರಾಟ. ರಾತ್ರಿ ಹಾರಲು ಎಟಿಸಿ, ಅಂದರೆ ಕಂಟ್ರೋಲರ್‌ಗಳು ಕೆಲಸ ಮಾಡುವ ವಿಮಾನ ಸಂಚಾರ ನಿಯಂತ್ರಣ ವಿಭಾಗ, ವಿನಾಯಿತಿ ಕೊಡಬೇಕು.

ಮೋಡದಿಂದ ಅಷ್ಟು ದೂರ ಯಾಕೆ ಅಂತ ಕೇಳಬಹುದು. ಮೋಡದೊಳಗೆ ಐಎಫ್‌ಆರ್ ವಿಮಾನ ಇರಬಹುದು. ಅದು ಯಾವ ಸೂಚನೆಯೂ ಇಲ್ಲದೆ ಮೋಡ ಸೀಳಿಕೊಂಡು ಹೊರಬರುತ್ತದೆ. 10,000 ಅಡಿಗಿಂತ ಕೆಳಗೆ ಜೆಟ್‌ಗಳ ವೇಗದ ಮಿತಿ ಸಾಮಾನ್ಯವಾಗಿ 250 ನಾಟ್ (ಗಂಟೆಗೆ ಸುಮಾರು 460 ಕಿ.ಮೀ.). ಆ ವೇಗದಲ್ಲಿ 1,500 ಮೀಟರ್ ದಾಟಲು ಸುಮಾರು 12 ಸೆಕೆಂಡ್ ಸಾಕು. ಎದುರಿನ ವಿಮಾನವನ್ನು ಕಂಡು, ಅದು ಡಿಕ್ಕಿ ದಾರಿಯಲ್ಲಿದೆ ಎಂದು ಅರಿತು, ತಿರುಗಿಸಿ, ವಿಮಾನ ನಿಜಕ್ಕೂ ತಿರುಗಲು 12.5 ಸೆಕೆಂಡ್ ಬೇಕು ಎಂದು ಅಮೆರಿಕದ ವಿಮಾನಯಾನ ಇಲಾಖೆ ತನ್ನ ಪೈಲಟ್‌ಗಳಿಗೆ ಹೇಳುತ್ತದೆ. ಮೋಡದ ಅಂಚಿಗೆ ಹತ್ತಿರ ಹೋಗಬೇಡ ಅಂತ ಇನ್‌ಸ್ಟ್ರಕ್ಟರ್ ಬೈಯುವುದು ಸುಮ್ನೆ ಅಲ್ಲ.

ಇನ್ನೊಂದು ಲೆಕ್ಕ ನಿಮ್ಮೂರಿನದ್ದೇ. ದೇವನಹಳ್ಳಿ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಮೋಡದ ತಳ ಸರಿಯಾಗಿ 1,500 ಅಡಿಯಲ್ಲಿದ್ದರೆ, ಸಮುದ್ರ ಮಟ್ಟದಿಂದ 4,500 ಅಡಿ ಆಯಿತು. ನಂದಿ ಬೆಟ್ಟದ ಎತ್ತರ 1,478 ಮೀಟರ್, ಅಂದರೆ ಸುಮಾರು 4,850 ಅಡಿ. ಕಾಗದದ ಮೇಲೆ ವಿಎಫ್‌ಆರ್‌ಗೆ ಸರಿ ಇರುವ ದಿನವೇ ನಂದಿಯ ತುದಿ ಮೋಡದೊಳಗೆ ಮುಳುಗಿರುತ್ತದೆ. ಜೊತೆಗೆ ಮೋಡದಿಂದ 1,000 ಅಡಿ ಕೆಳಗಿರಬೇಕು ಅನ್ನುವ ನಿಯಮ ಸೇರಿಸಿ. ಹಾರಲು ಉಳಿಯುವುದು 3,500 ಅಡಿ, ಅಂದರೆ ನೆಲದಿಂದ ಬರೀ 500 ಅಡಿ. ಸುತ್ತಲೂ ಬೆಟ್ಟ. ಬೆಳಗಿನ ಜಾವ ಜನ ನಂದಿಗೆ ಹೋಗಿ ಫೋಟೋ ತೆಗೆಯುವ ಆ ಬಿಳಿ ಮೋಡವನ್ನು ನೋಡಿದ ಇನ್‌ಸ್ಟ್ರಕ್ಟರ್, ಅವತ್ತಿನ ಮೊದಲ ಹಾರಾಟಗಳನ್ನು ಬೋರ್ಡಿನಿಂದ ಅಳಿಸುತ್ತಾರೆ. ಅಳಿಸದ ಇನ್‌ಸ್ಟ್ರಕ್ಟರ್ ಸಿಕ್ಕರೆ ಸ್ಕೂಲ್ ಬದಲಾಯಿಸಿ.

ಐಎಫ್‌ಆರ್‌ನಲ್ಲಿ ಪೈಲಟ್ ಹೊರಗೆ ಏನೂ ಕಾಣದಿದ್ದರೂ ಹಾರಬಲ್ಲರು. ದಾರಿ, ಎತ್ತರ ಎಲ್ಲಾ ಮೊದಲೇ ಬರೆದುಕೊಟ್ಟಿರುತ್ತಾರೆ. ಎಟಿಸಿ ಒಪ್ಪಿಗೆ ಕೊಟ್ಟ ದಾರಿಯಲ್ಲೇ ಹೋಗುತ್ತಾರೆ. ಇಲ್ಲಿ ಜನ ಎರಡು ತಪ್ಪು ತಿಳಿಯುತ್ತಾರೆ. ಐಎಫ್‌ಆರ್ ಅಂದರೆ ಮೋಡದಲ್ಲಿ ಹಾರುವುದು ಅಂತಲ್ಲ. ನೀಲಿ ಆಕಾಶದಲ್ಲೂ ಏರ್‌ಲೈನ್ ವಿಮಾನ ಐಎಫ್‌ಆರ್‌ನಲ್ಲೇ ಇರುತ್ತದೆ. ವಿಎಫ್‌ಆರ್ ಅಂದರೆ ಎಟಿಸಿ ಜೊತೆ ಸಂಬಂಧ ಇಲ್ಲ ಅಂತಲೂ ಅಲ್ಲ. ನಿಯಂತ್ರಿತ ಆಕಾಶದೊಳಗೆ ಬಂದರೆ ವಿಎಫ್‌ಆರ್ ಪೈಲಟ್ ಕೂಡ ಹೆಚ್ಚಿನ ಕಡೆ ಅನುಮತಿ ಕೇಳಲೇಬೇಕು. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಹಾರುತ್ತಿರುವ ಐಎಫ್‌ಆರ್ ಪೈಲಟ್ ಮಧ್ಯದಲ್ಲಿ ‘ನನ್ನ ಐಎಫ್‌ಆರ್ ರದ್ದು ಮಾಡಿ’ ಅಂತ ಕೇಳಬಹುದು. ಆದರೆ ಕಂಟ್ರೋಲರ್ ಎಷ್ಟೇ ಒತ್ತಡದಲ್ಲಿದ್ದರೂ ಹಾಗೆ ಕೇಳಿ ಅಂತ ಸುಳಿವು ಕೂಡ ಕೊಡುವಂತಿಲ್ಲ. ತನ್ನ ಕೆಲಸ ಹಗುರ ಮಾಡಿಕೊಳ್ಳಲು ಹೊಣೆಯನ್ನು ಪೈಲಟ್ ತಲೆಗೆ ದಾಟಿಸಬಾರದು ಅನ್ನುವುದೇ ಅದರ ಹಿಂದಿನ ಯೋಚನೆ.

ಈಗ ನಿಮ್ಮ ತಾರಸಿಯಿಂದ ಕಾಣುವ ಆಕಾಶಕ್ಕೆ ಬರೋಣ. ದೇವನಹಳ್ಳಿ ನಿಲ್ದಾಣ 2008ರ ಮೇನಲ್ಲಿ ಶುರುವಾಯಿತು, ಎರಡನೇ ರನ್‌ವೇ 2019ರ ಡಿಸೆಂಬರ್‌ನಲ್ಲಿ. ಎರಡೂ ಪೂರ್ವ-ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಕೋಲಾರದ ಕಡೆಯಿಂದ ಬಂದು ಇಳಿಯುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ಇದ್ದಾಗ ಪಶ್ಚಿಮದಿಂದ, ಅಂದರೆ ತುಮಕೂರಿನ ದಿಕ್ಕಿನಿಂದ. ನಿಮ್ಮೂರು ನಿಲ್ದಾಣದಿಂದ ಹೆಚ್ಚುಕಮ್ಮಿ ನೇರ ಉತ್ತರಕ್ಕೆ 26 ಕಿ.ಮೀ. ದೂರ. ಹಾಗಾಗಿ ನಿಮ್ಮ ತಲೆ ಮೇಲಿನ ವಿಮಾನಗಳು ಇಳಿಯುವ ಕೊನೆಯ ನೇರ ದಾರಿಯಲ್ಲಿಲ್ಲ. ಉತ್ತರದಿಂದ ಬಂದು ತಿರುಗಲು ಕಾಯುತ್ತಿರುವವು ಅಥವಾ ಎದ್ದು ಉತ್ತರಕ್ಕೆ ಹೊರಟವು.

ದಕ್ಷಿಣಕ್ಕೆ ನೋಡಿದರೆ ಇನ್ನೂ ಇಕ್ಕಟ್ಟು. ಯಲಹಂಕದಲ್ಲಿ ವಾಯುಪಡೆಯ ನೆಲೆ. ಅದರ ಪಕ್ಕಕ್ಕೇ ಜಕ್ಕೂರು, ಸರ್ಕಾರಿ ವಿಮಾನ ತರಬೇತಿ ಶಾಲೆ ಇರುವ ಜಾಗ, 1940ರ ದಶಕದ ಕೊನೆಯಲ್ಲಿ ಶುರುವಾದದ್ದು. ಅದರಾಚೆ ಹಳೆಯ ಎಚ್‌ಎಎಲ್ ನಿಲ್ದಾಣ. ಏರ್‌ಬಸ್, ಫೈಟರ್, ಹೆಲಿಕಾಪ್ಟರ್, ತರಬೇತಿಯ ಸೆಸ್ನಾ ಎಲ್ಲವೂ ಒಂದು ತಾಲ್ಲೂಕಿನ ಅಗಲದೊಳಗೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ದೇವನಹಳ್ಳಿಯ ವಿಮಾನಗಳನ್ನೇ ದಿನಕ್ಕೆ ಕೆಲವು ಗಂಟೆ ನಿಲ್ಲಿಸುತ್ತಾರೆ. ಹಂಚಿಕೊಳ್ಳಲು ಆಗದ ಕಡೆ ಸಮಯ ಭಾಗ ಮಾಡಿಕೊಡುವುದೇ ದಾರಿ. ಟಿಕೆಟ್ ತೆಗೆದವರು ಬೈದುಕೊಳ್ಳುತ್ತಾರೆ, ಇರಲಿ.

ಇನ್ನು ವರ್ಗಗಳು. ಐಕಾವೊ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಆಕಾಶವನ್ನು ‘ಎ’ಯಿಂದ ‘ಜಿ’ವರೆಗೆ ಏಳು ವರ್ಗ ಮಾಡಿದೆ. ಪ್ರತಿ ದೇಶ ತನಗೆ ಬೇಕಾದ ವರ್ಗಗಳನ್ನು ಆರಿಸಿಕೊಂಡು, ಎಲ್ಲಿ ಯಾವುದು ಎಂದು ಪ್ರಕಟಿಸುತ್ತದೆ. ‘ಎ’ಯಲ್ಲಿ ವಿಎಫ್‌ಆರ್‌ಗೆ ಪ್ರವೇಶವೇ ಇಲ್ಲ. ‘ಬಿ’ಯಲ್ಲಿ ಎಲ್ಲರನ್ನೂ ಎಲ್ಲರಿಂದಲೂ ಕಂಟ್ರೋಲರ್ ದೂರ ಇಡುತ್ತಾರೆ. ‘ಎಫ್’, ‘ಜಿ’ಯಲ್ಲಿ ನಿಯಂತ್ರಣ ಇಲ್ಲ, ಮಾಹಿತಿ, ಸಲಹೆ ಸಿಗಬಹುದು ಅಷ್ಟೆ. ನಿಮ್ಮ ಪ್ರಶ್ನೆಗೆ ನಿಜವಾಗಿ ಬೇಕಿರುವುದು ಮಧ್ಯದ ಮೂರು: ‘ಸಿ’, ‘ಡಿ’, ‘ಇ’.

‘ಸಿ’ ವರ್ಗದಲ್ಲಿ ಐಎಫ್‌ಆರ್ ವಿಮಾನವನ್ನು ವಿಎಫ್‌ಆರ್ ವಿಮಾನದಿಂದ ದೂರ ಇಡುವುದು ಕಂಟ್ರೋಲರ್ ಕೆಲಸ. ಎರಡು ವಿಎಫ್‌ಆರ್ ವಿಮಾನಗಳಾದರೆ, ಒಂದರ ಬಗ್ಗೆ ಇನ್ನೊಂದಕ್ಕೆ ತಿಳಿಸುತ್ತಾರೆ, ತಪ್ಪಿಸಿಕೊಳ್ಳುವುದು ಅವರವರ ಕೆಲಸ. ‘ಡಿ’ಯಲ್ಲಿ ಐಎಫ್‌ಆರ್‌ಗಳ ನಡುವೆ ಮಾತ್ರ ಕಂಟ್ರೋಲರ್ ಅಂತರ ಕಾಯುತ್ತಾರೆ. ಐಎಫ್‌ಆರ್-ವಿಎಫ್‌ಆರ್ ನಡುವೆ ಮಾಹಿತಿ ಮಾತ್ರ. ರಸ್ತೆ ದಾಟುವ ಮಗುವಿನ ಕೈ ಹಿಡಿದು ದಾಟಿಸುವುದು ಒಂದು, ‘ಲಾರಿ ಬರ್ತಿದೆ, ನೋಡ್ಕೊಂಡು ದಾಟು’ ಅಂತ ಕೂಗುವುದು ಇನ್ನೊಂದು. ‘ಸಿ’ ಮತ್ತು ‘ಡಿ’ ನಡುವಿನ ವ್ಯತ್ಯಾಸ ಅಷ್ಟೇ. ಎರಡೂ ಕಡೆ ಅದೇ ಕಂಟ್ರೋಲರ್, ಅದೇ ರೇಡಿಯೋ, ಅದೇ ದನಿ. ಅನುಮತಿ ಕೇಳುವ ಮಾತು ಕೂಡ ಅದೇ. ಅದಕ್ಕೇ ಹೊಸ ಪೈಲಟ್‌ಗಳಿಗೆ ಗಲಿಬಿಲಿ. ಕಂಟ್ರೋಲರ್ ಮಾತಾಡುತ್ತಿದ್ದಾರೆ ಅಂದರೆ ಕಾಯುತ್ತಿದ್ದಾರೆ ಅಂತ ಅಂದುಕೊಳ್ಳುತ್ತಾರೆ.

‘ಇ’ ವರ್ಗ ಇನ್ನೂ ವಿಚಿತ್ರ. ಅದು ನಿಯಂತ್ರಿತ ಆಕಾಶವೇ. ಆದರೆ ಐಎಫ್‌ಆರ್‌ಗೆ ಮಾತ್ರ. ವಿಎಫ್‌ಆರ್ ಪೈಲಟ್ ಅನುಮತಿ ಇಲ್ಲದೆ, ಐಕಾವೊ ನಿಯಮದ ಪ್ರಕಾರ ರೇಡಿಯೋ ಮಾತು ಕೂಡ ಇಲ್ಲದೆ ಒಳಗೆ ಬರಬಹುದು. ಅಲ್ಲಿ ಎತ್ತರವೇ ಬೇಲಿ. ನೆಲದಿಂದ 3,000 ಅಡಿಗಿಂತ ಮೇಲೆ ಹಾರುವಾಗ ಐಎಫ್‌ಆರ್‌ಗೆ 7,000, 8,000 ಹೀಗೆ ಪೂರ್ತಿ ಸಾವಿರಗಳು. ವಿಎಫ್‌ಆರ್‌ಗೆ ಐನೂರು ಸೇರಿಸಿದ್ದು: ಪೂರ್ವಕ್ಕೆ ಹೋಗುವಾಗ 7,500, ಪಶ್ಚಿಮಕ್ಕೆ 6,500 ಅಥವಾ 8,500. ಇಬ್ಬರ ನಡುವೆ 500 ಅಡಿ. ಎತ್ತರ ತೋರಿಸುವ ಮೀಟರಿಗೆ ಗಾಳಿಯ ಒತ್ತಡ ಹಾಕಿಕೊಳ್ಳಬೇಕು. ಅದರಲ್ಲಿ 10 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ತಪ್ಪಾದರೆ ಸುಮಾರು 300 ಅಡಿ ವ್ಯತ್ಯಾಸ. ಆ 500ರಲ್ಲಿ 300 ಹೋಯಿತು ಅಂದರೆ ಉಳಿದದ್ದು ಎಷ್ಟು, ನೀವೇ ನೋಡಿ.

ಕಂಟ್ರೋಲರ್ ನಿಜವಾಗಿ ಏನು ಮಾಡುತ್ತಾರೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಳೆಗಾಲ, ಮೋಡ ಎತ್ತರದಲ್ಲಿದೆ, ದೂರದವರೆಗೆ ಕಾಣುತ್ತಿದೆ. ಕೋಲಾರದ ಕಡೆಯಿಂದ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿವೆ. ಚಿಂತಾಮಣಿ ಕಡೆಯಿಂದ ಒಂದು ಸೆಸ್ನಾ ದಕ್ಷಿಣಕ್ಕೆ ಹೋಗಬೇಕು. ಇಳಿಯುವ ಸಾಲನ್ನು ಅಡ್ಡ ದಾಟಲೇಬೇಕು.

ಇಳಿಯುವ ದಾರಿಯ ಇಳಿಜಾರು 3 ಡಿಗ್ರಿ. ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ., ಮುಂದೆ ಮೈಲು ಅಂದರೆ ಇದೇ) ಸುಮಾರು 320 ಅಡಿ. ನಿಲ್ದಾಣದ 3,000 ಅಡಿ ಸೇರಿಸಿದರೆ, ರನ್‌ವೇಯಿಂದ 10 ನಾಟಿಕಲ್ ಮೈಲು ದೂರದಲ್ಲಿ ಜೆಟ್ ಸಮುದ್ರ ಮಟ್ಟದಿಂದ ಸುಮಾರು 6,200 ಅಡಿಯಲ್ಲಿರುತ್ತದೆ. 5 ಮೈಲಿಯಲ್ಲಿ 4,600 ಅಡಿ. ಸೆಸ್ನಾ 4,500 ಅಡಿಯಲ್ಲಿದ್ದರೆ, 10 ಮೈಲಿಯ ಹತ್ತಿರ ದಾಟಿದಾಗ ಮಧ್ಯೆ 1,700 ಅಡಿ ಖಾಲಿ. 5 ಮೈಲಿಯ ಹತ್ತಿರ ದಾಟಿದರೆ 100 ಅಡಿ. ಎತ್ತರ ಅದೇ, ದಾಟುವ ಜಾಗ ಮಾತ್ರ ಬೇರೆ. ಹಾಗಾಗಿ ಕಂಟ್ರೋಲರ್ ‘4,500 ಅಡಿ ಮೀರಬೇಡ’ ಅಂತ ಹೇಳಿ ಸುಮ್ಮನಾಗುವುದಿಲ್ಲ. ಎಲ್ಲಿ ದಾಟಬೇಕು ಅಂತಲೂ ಹೇಳುತ್ತಾರೆ. ಪೈಲಟ್ ಎರಡನ್ನೂ ರೇಡಿಯೋದಲ್ಲಿ ತಿರುಗಿ ಹೇಳಬೇಕು. ಒಂದನ್ನು ಮಾತ್ರ ಹೇಳಿದರೆ ಒಳ್ಳೆಯ ಕಂಟ್ರೋಲರ್ ಮತ್ತೆ ಕೇಳುತ್ತಾರೆ.

ಕೆಳಗೆ ದಾಟುವುದರಲ್ಲಿ ಇನ್ನೊಂದು ತೊಡಕಿದೆ. ಜೆಟ್‌ನ ರೆಕ್ಕೆ ತುದಿಯಿಂದ ಏಳುವ ಸುಳಿಗಾಳಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಂದು ಟನ್ನಿನ ಆಸುಪಾಸು ತೂಗುವ ಸೆಸ್ನಾ ಅದರೊಳಗೆ ಹೊಕ್ಕರೆ ಪಲ್ಟಿ ಹೊಡೆಯಬಹುದು. 7 ಟನ್ ಒಳಗಿನ ವಿಮಾನ ‘ಲೈಟ್’, 136 ಟನ್ ಮತ್ತು ಮೇಲಿನದ್ದು ‘ಹೆವಿ’, ಏರ್‌ಬಸ್ ಎ320 ನಡುವಿನ ‘ಮೀಡಿಯಂ’. ಇಳಿಯುವಾಗ ಲೈಟ್ ವಿಮಾನ ಮೀಡಿಯಂ ಹಿಂದೆ 5 ಮೈಲು, ಹೆವಿ ಹಿಂದೆ 6 ಮೈಲು ಇರಬೇಕು. ವಿಎಫ್‌ಆರ್‌ನಲ್ಲಿರುವ ಪೈಲಟ್‌ಗೆ ಕಂಟ್ರೋಲರ್ ‘ಸುಳಿಗಾಳಿ ಇದೆ, ಎಚ್ಚರ’ ಅಂತ ಹೇಳಬಹುದು. ದೂರ ಇಟ್ಟುಕೊಳ್ಳುವುದು ಪೈಲಟ್ ಕೈಯಲ್ಲಿ.

ಹಾಗಾದರೆ ಎಲ್ಲಿ ದಾಟಿಸುವುದು ಒಳ್ಳೆಯದು? ಕೇಳಿದರೆ ಜನ ನಂಬುವುದಿಲ್ಲ: ಬಹಳ ಸಲ ರನ್‌ವೇಯ ಮಧ್ಯದ ನೆತ್ತಿಯ ಮೇಲೇ. ಇಳಿಯುವ ವಿಮಾನ ಅಷ್ಟರಲ್ಲಿ ನೆಲದಲ್ಲಿರುತ್ತದೆ. ಏಳುವ ವಿಮಾನ ಇನ್ನೂ ನೆಲದಲ್ಲಿರುತ್ತದೆ ಅಥವಾ ಈಗಷ್ಟೇ ಎದ್ದಿರುತ್ತದೆ. ಸುಳಿಗಾಳಿ ಕೆಳಗಿಳಿಯುತ್ತದೆಯೇ ಹೊರತು ಮೇಲೇರುವುದಿಲ್ಲ. ಎಲ್ಲಾ ದಾರಿಗಳೂ ಕೆಳಗಿರುವ ಏಕೈಕ ಜಾಗ ಅದು. ಉಳಿಯುವ ಭಯ ಒಂದೇ: ಇಳಿಯಲು ಬಂದ ಜೆಟ್ ಇಳಿಯದೆ ಮತ್ತೆ ಮೇಲೇರುವುದು. ಅದಕ್ಕೆ ಕಂಟ್ರೋಲರ್ ಸಾಲಿನಲ್ಲಿ ಒಂದು ಅಂತರ ಮಾಡಿಕೊಂಡು ಆ ಸಂದಿಯಲ್ಲಿ ಸೆಸ್ನಾ ಕಳಿಸುತ್ತಾರೆ. ಅಂತರ ಸಿಗುವವರೆಗೆ ‘ಅಲ್ಲೇ ಹೊರಗೆ ಸುತ್ತು ಹೊಡಿ’ ಅಂತಾರೆ. ಸಾಲು ತುಂಬಿದ್ದರೆ ಬರುವುದೇ ಬೇಡ ಅನ್ನಬಹುದು. ವಿದ್ಯಾರ್ಥಿಗಳು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ, ಪೆಟ್ರೋಲ್ ಖರ್ಚು ಅಂತ ಗೊಣಗುತ್ತಾರೆ. ಹೊರಗೆ ಕಾಯಲು ಬೇಕಾದ ಇಂಧನ ಲೆಕ್ಕ ಹಾಕಿ ತುಂಬಿಸಿಕೊಂಡು ಬರುವುದು ಅವರ ಕೆಲಸ.

ಈಗ ನಿಮ್ಮ ಮುಖ್ಯ ಪ್ರಶ್ನೆ, ರಾಡಾರ್ ಇರುವಾಗ ಕಣ್ಣು ಯಾಕೆ. ವಿಮಾನ ನಿಲ್ದಾಣದ ರಾಡಾರ್ ನಾಲ್ಕೈದು ಸೆಕೆಂಡಿಗೊಮ್ಮೆ ಒಂದು ಸುತ್ತು ಬರುತ್ತದೆ. ಜೆಟ್ 250 ನಾಟ್, ಸೆಸ್ನಾ 110 ನಾಟ್, ಎದುರುಬದುರು ಬಂದರೆ ಸೆಕೆಂಡಿಗೆ 185 ಮೀಟರ್ ಹತ್ತಿರವಾಗುತ್ತಾರೆ. ತೆರೆಯ ಮೇಲಿನ ಚುಕ್ಕೆ ಒಂದು ಸಲ ಜರುಗುವುದರೊಳಗೆ ನಡುವಿನ ದೂರದಲ್ಲಿ ಮುಕ್ಕಾಲು ಕಿಲೋಮೀಟರ್ ಕರಗಿರುತ್ತದೆ. ಇನ್ನೂ ಮುಖ್ಯವಾದದ್ದು, ಸಣ್ಣ ವಿಮಾನದ ಎತ್ತರ ರಾಡಾರಿಗೆ ತಾನಾಗಿ ತಿಳಿಯುವುದಿಲ್ಲ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್, ಅಂದರೆ ರಾಡಾರ್ ಕೇಳಿದಾಗ ರೇಡಿಯೋದಲ್ಲಿ ತಾನಾಗಿ ಉತ್ತರ ಕೊಡುವ ಯಂತ್ರ, ಎತ್ತರ ಹೇಳಿದರೆ ಮಾತ್ರ ಕಾಣುತ್ತದೆ. ಅದು ಕೆಟ್ಟಿದ್ದರೆ ಅಥವಾ ಪೈಲಟ್ ಆನ್ ಮಾಡಲು ಮರೆತಿದ್ದರೆ ತೆರೆಯ ಮೇಲೆ ಬರೀ ಒಂದು ಮಂಕು ಚುಕ್ಕೆ, ಅದೂ ಇದ್ದರೆ ಇತ್ತು. ಜೆಟ್‌ನೊಳಗಿನ ಟಿಕಾಸ್ ಎಂಬ ಡಿಕ್ಕಿ ಎಚ್ಚರಿಕೆ ಯಂತ್ರವೂ ಟ್ರಾನ್ಸ್‌ಪಾಂಡರ್ ದನಿಯನ್ನೇ ಕೇಳುವುದು. ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನ ಅದರ ಪಾಲಿಗೆ ಇಲ್ಲವೇ ಇಲ್ಲ.

1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್ ಮೇಲೆ ಆದದ್ದು ಇದೇ. ಅನುಮತಿ ಇಲ್ಲದೆ ನಿಯಂತ್ರಿತ ಆಕಾಶದೊಳಗೆ ಬಂದಿದ್ದ ಒಂದು ಪುಟ್ಟ ಪೈಪರ್ ವಿಮಾನಕ್ಕೆ, ಇಳಿಯುತ್ತಿದ್ದ ಡಿಸಿ-9 ಡಿಕ್ಕಿ ಹೊಡೆಯಿತು. ಪೈಪರ್‌ನ ಟ್ರಾನ್ಸ್‌ಪಾಂಡರ್ ಎತ್ತರ ಕಳಿಸುವ ತರಹದ್ದಾಗಿರಲಿಲ್ಲ. ನೆಲದ ಮೇಲಿದ್ದ 15 ಜನ ಸೇರಿ 82 ಮಂದಿ ಸತ್ತರು. ಆಮೇಲೆ ಅಮೆರಿಕದಲ್ಲಿ ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಕಡ್ಡಾಯ ಮಾಡಿದರು, ಏರ್‌ಲೈನ್ ವಿಮಾನಗಳಿಗೆ ಟಿಕಾಸ್ ಕಡ್ಡಾಯವಾಯಿತು.

ಹಾಗಂತ ಕಣ್ಣನ್ನೇ ನಂಬಿಕೊಂಡರೆ ಸಾಕಾ? ಅದೂ ಸಾಲದು. ಸೆಸ್ನಾದ ರೆಕ್ಕೆಯ ಉದ್ದ 11 ಮೀಟರ್. ಮೇಲಿನ ವೇಗದಲ್ಲಿ ಡಿಕ್ಕಿಗೆ 12.5 ಸೆಕೆಂಡ್ ಮುಂಚೆ ಅದು 2.3 ಕಿ.ಮೀ. ದೂರದಲ್ಲಿರುತ್ತದೆ. ಅಷ್ಟು ದೂರದಿಂದ ಅದರ ಅಗಲ ಹುಣ್ಣಿಮೆ ಚಂದ್ರನ ಅರ್ಧದಷ್ಟು, ದಪ್ಪ ಒಂದು ಗೆರೆ. ಅದೂ ಬೆಟ್ಟದ, ಪಾಲಿಹೌಸ್‌ಗಳ, ಹೊಸ ಲೇಔಟ್‌ಗಳ ಹಿನ್ನೆಲೆಯಲ್ಲಿ. ಇನ್ನೂ ಒಂದು ಮೋಸ ಇದೆ. ನಿಮಗೆ ಡಿಕ್ಕಿ ಹೊಡೆಯುವ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದಿಲ್ಲ. ಪಕ್ಕಕ್ಕೆ ಜರುಗುತ್ತಿದೆ ಅಂದರೆ ಅದು ತಪ್ಪಿಹೋಗುತ್ತದೆ. ಒಂದೇ ಜಾಗದಲ್ಲಿ ನಿಂತು ಮೆಲ್ಲಗೆ ದೊಡ್ಡದಾಗುತ್ತಿದ್ದರೆ ಅದೇ ಅಪಾಯ. ನಮ್ಮ ಕಣ್ಣೋ, ಅಲುಗುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಕಣ್ಣನ್ನು ಸುಮ್ನೆ ಉದ್ದಕ್ಕೆ ಹಾಯಿಸಬಾರದು. ಆಕಾಶವನ್ನು ತುಂಡು ಮಾಡಿಕೊಂಡು, ಒಂದೊಂದು ತುಂಡಿನಲ್ಲಿ ಕಣ್ಣು ನಿಲ್ಲಿಸಿ ನೋಡಬೇಕು. ಇದು ಅಭ್ಯಾಸದಿಂದ ಮಾತ್ರ ಬರುವ ಕೆಲಸ.

ಕಂಟ್ರೋಲರ್ ಕೊಡುವ ಮಾಹಿತಿ ಅಲ್ಲಿ ಕೈಹಿಡಿಯುತ್ತದೆ. ‘ಟ್ರಾಫಿಕ್, ಟೂ ಓಕ್ಲಾಕ್, ಫೋರ್ ಮೈಲ್ಸ್, ವೆಸ್ಟ್‌ಬೌಂಡ್’ ಅಂದರೆ ಗಡಿಯಾರದ ಎರಡು ಗಂಟೆಯ ದಿಕ್ಕಿನಲ್ಲಿ, ನಾಲ್ಕು ಮೈಲು ದೂರದಲ್ಲಿ, ಪಶ್ಚಿಮಕ್ಕೆ ಹೋಗುತ್ತಿರುವ ವಿಮಾನ. ಒಂದು ಸೂಕ್ಷ್ಮ ಇದೆ. ಕಂಟ್ರೋಲರ್ ಆ ಗಡಿಯಾರವನ್ನು ರಾಡಾರ್ ಮೇಲೆ ನಿಮ್ಮ ವಿಮಾನ ಸಾಗುವ ದಿಕ್ಕಿನಿಂದ ಅಳೆಯುತ್ತಾರೆ. ಪಕ್ಕದ ಗಾಳಿ ಜೋರಿದ್ದರೆ ವಿಮಾನದ ಮೂತಿ ಗಾಳಿಯ ಕಡೆಗೆ ತಿರುಗಿರುತ್ತದೆ. ಕಂಟ್ರೋಲರ್ ಎರಡು ಗಂಟೆ ಅಂದದ್ದು ಪೈಲಟ್‌ಗೆ ಒಂದು ಗಂಟೆಯೋ ಮೂರು ಗಂಟೆಯೋ ಆಗಿರಬಹುದು. ಆಷಾಢದ ಗಾಳಿಯಲ್ಲಿ ಇದು ನೆನಪಿರಲಿ.

ಉತ್ತರ ಕೊಡಲು ಪೈಲಟ್ ಹತ್ತಿರ ಮೂರು ಮಾತುಗಳಿವೆ. ಹುಡುಕುತ್ತಿದ್ದರೆ ‘ಲುಕಿಂಗ್ ಔಟ್’. ಕಾಣದಿದ್ದರೆ ‘ನೆಗೆಟಿವ್ ಕಾಂಟ್ಯಾಕ್ಟ್’. ಕಂಡರೆ ‘ಟ್ರಾಫಿಕ್ ಇನ್ ಸೈಟ್’. ಈ ಕೊನೆಯ ಮಾತು ಬಹಳ ತೂಕದ್ದು. ಅದನ್ನು ಹೇಳಿದ ಮೇಲೆ ಕಂಟ್ರೋಲರ್ ‘ಹಾಗಾದರೆ ನೋಡಿಕೊಂಡು ದೂರ ಇರು’ ಅನ್ನಬಹುದು. ಒಪ್ಪಿದ ಆ ಕ್ಷಣಕ್ಕೆ ಹೊಣೆ ಕೈ ಬದಲಾಯಿಸಿತು.

1978ರ ಸೆಪ್ಟೆಂಬರ್ 25, ಅಮೆರಿಕದ ಸ್ಯಾನ್ ಡಿಯಾಗೊ. ಶುಭ್ರ ಬೆಳಿಗ್ಗೆ. ಇಳಿಯಲು ಬರುತ್ತಿದ್ದ ಬೋಯಿಂಗ್ 727ಕ್ಕೆ ಮುಂದಿರುವ ಸೆಸ್ನಾ 172 ಬಗ್ಗೆ ಕಂಟ್ರೋಲರ್ ತಿಳಿಸಿದರು. ಸಿಬ್ಬಂದಿ ಕಾಣುತ್ತಿದೆ ಅಂದರು. ಕಣ್ಣಿಂದಲೇ ದೂರ ಕಾಯ್ದುಕೊಳ್ಳಿ ಎಂಬ ಸೂಚನೆ ಬಂತು. ಆಮೇಲೆ ಅವರಿಗೆ ಸೆಸ್ನಾ ಕಣ್ತಪ್ಪಿತು. ಹಿಂದೆ ಹೋಗಿರಬೇಕು ಅಂದುಕೊಂಡರು. ಕಾಣೆಯಾಗಿದೆ ಅಂತ ಕಂಟ್ರೋಲರ್‌ಗೆ ಸ್ಪಷ್ಟವಾಗಿ ಹೇಳಲಿಲ್ಲ. ಸೆಸ್ನಾ ಇದ್ದದ್ದು ಅವರ ಮುಂದೆ, ಮೂತಿಯ ಕೆಳಗೆ. ಅದೂ ಕೂಡ ಕೊಟ್ಟ ದಿಕ್ಕನ್ನು ಬಿಟ್ಟು ಹೊರಳಿತ್ತು. 144 ಜನ ಸತ್ತರು.

ಅದು ಹಳೇ ಕಾಲದ ಕಥೆ ಅನ್ನಬೇಡಿ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಳಿಯಲು ಬಂದ ಜೆಟ್‌ಗೆ ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ತೀರಿಕೊಂಡರು. ಹೆಲಿಕಾಪ್ಟರ್ ಸಿಬ್ಬಂದಿ ವಿಮಾನ ಕಾಣುತ್ತಿದೆ ಅಂದಿದ್ದರು, ಕಣ್ಣಿಂದಲೇ ದೂರ ಇರುತ್ತೇವೆ ಅಂತ ಅನುಮತಿ ಕೇಳಿ ಪಡೆದಿದ್ದರು. ಎಲ್ಲರನ್ನೂ ದೂರ ಇಡಬೇಕಾದ ‘ಬಿ’ ವರ್ಗದ ಆಕಾಶ ಅದು. ಒಂದು ಅನುಮತಿಯಿಂದ ಆ ಹೊಣೆ ಹೆಲಿಕಾಪ್ಟರಿಗೆ ಹೋಗಿತ್ತು. ಜೆಟ್‌ನ ಟಿಕಾಸ್ ಎಚ್ಚರಿಸಿತು. ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಅದು ಮೇಲೇರು, ಕೆಳಗಿಳಿ ಎಂಬ ಆಜ್ಞೆ ಕೊಡುವುದಿಲ್ಲ. ನೆಲ ಹತ್ತಿರ ಇರುವಾಗ ಹಾಗೆ ಹೇಳುವುದೇ ಅಪಾಯ. ಆ ಹೆಲಿಕಾಪ್ಟರ್ ದಾರಿಯ ಆ ಭಾಗವನ್ನು ಆಮೇಲೆ ಮುಚ್ಚಿದರು.

ನನ್ನ ಮಾತು ಕೇಳಿದರೆ, ವಿದ್ಯಾರ್ಥಿ ಪೈಲಟ್ ಯಾವತ್ತೂ ಬಾಯಿಮಾತಿಗೆ ‘ಇನ್ ಸೈಟ್’ ಅನ್ನಬಾರದು. ಒಂದು ವಿಮಾನ ಕಂಡಿತು, ಅದೇ ಇರಬೇಕು ಅನ್ನುವುದು ಸಾಲದು. ದಿಕ್ಕು, ದೂರ, ಬಗೆ, ಹೋಗುವ ಕಡೆ ಎಲ್ಲವೂ ಹೊಂದಬೇಕು. ಕಂಡು ಮತ್ತೆ ಕಣ್ತಪ್ಪಿದರೆ ಆ ಕ್ಷಣವೇ ಹೇಳಬೇಕು. ‘ನೆಗೆಟಿವ್ ಕಾಂಟ್ಯಾಕ್ಟ್’ ಅಂದರೆ ಅವಮಾನ ಅಲ್ಲ. ಕಂಟ್ರೋಲರ್ ಕಿವಿಗೆ ಅದು ಬಹಳ ಉಪಯೋಗದ ಮಾತು. ಕೇಳಿದ ತಕ್ಷಣ ಅವರು ಬೇರೆ ಎತ್ತರವನ್ನೋ ಬೇರೆ ದಿಕ್ಕನ್ನೋ ಕೊಡಲು ಶುರು ಮಾಡುತ್ತಾರೆ.

ದೊಡ್ಡ ವಿಮಾನಕ್ಕೆ ಸಣ್ಣದು ದಾರಿ ಬಿಡಬೇಕಾ ಅಂತ ನಿಮ್ಮ ಮಗಳು ಕೇಳಬಹುದು. ನಿಯಮದಲ್ಲಿ ಗಾತ್ರದ ಮಾತೇ ಇಲ್ಲ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬಂದರೆ ಬಲಗಡೆ ಇರುವ ವಿಮಾನಕ್ಕೆ ಮೊದಲ ಹಕ್ಕು. ಎಂಜಿನ್ ವಿಮಾನ ಗ್ಲೈಡರಿಗೂ ಬಲೂನಿಗೂ ದಾರಿ ಬಿಡಬೇಕು. ಏರ್‌ಬಸ್ ಕ್ಯಾಪ್ಟನ್ ಐಎಫ್‌ಆರ್‌ನಲ್ಲಿದ್ದರೂ, ಕಂಟ್ರೋಲರ್ ಕೈಯಲ್ಲಿದ್ದರೂ, ಡಿಕ್ಕಿ ತಪ್ಪಿಸುವ ಹೊಣೆಯಿಂದ ಬಿಡುಗಡೆ ಇಲ್ಲ. ಆದರೆ ಇಳಿಯುವ ಗಡಿಬಿಡಿಯಲ್ಲಿ ಅವರ ಕಣ್ಣು ಒಳಗಿನ ಮೀಟರುಗಳ ಮೇಲೆ ಜಾಸ್ತಿ ಇರುತ್ತದೆ. ಹಾಗಾಗಿ ಹಕ್ಕು ನಿನ್ನದೇ ಇರಲಿ, ದೂರ ನೀನೇ ಹೋಗು ಅನ್ನುತ್ತೇನೆ ನಾನು.

ಮೋಡ ಕವಿದುಬಿಟ್ಟರೆ? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಟೆಯೊಳಗೆ ಹವೆ ಬದಲಾಗುತ್ತದೆ. ಕಂಟ್ರೋಲ್ ಝೋನ್ ಒಳಗೆ ‘ಸ್ಪೆಷಲ್ ವಿಎಫ್‌ಆರ್’ ಅಂತ ಒಂದು ದಾರಿ ಇದೆ. 5 ಕಿ.ಮೀ. ಕಾಣದಿದ್ದರೂ, ಐಕಾವೊ ನಿಯಮದಂತೆ 1,500 ಮೀಟರ್‌ಗೆ ಕಡಿಮೆಯಾಗದಂತೆ ಕಾಣುತ್ತಿದ್ದರೆ, ಎಟಿಸಿ ವಿಶೇಷ ಅನುಮತಿ ಕೊಡಬಹುದು. ಆಗ ಐಎಫ್‌ಆರ್ ವಿಮಾನಗಳಿಂದ ದೂರ ಇಡುವ ಹೊಣೆ ಮತ್ತೆ ಕಂಟ್ರೋಲರ್ ಕೈಗೆ ಬರುತ್ತದೆ. ಒಂದು ಸೆಸ್ನಾಕ್ಕಾಗಿ ಜೆಟ್‌ಗಳು ಕಾಯಬೇಕಾಗಬಹುದು. ಕೊಡಲು ಕಂಟ್ರೋಲರ್ ಹಿಂದೆಮುಂದೆ ನೋಡುವುದು ಅದಕ್ಕೇ. ಆದರೂ ಮೋಡದೊಳಗೆ ಸಿಕ್ಕಿಕೊಳ್ಳುವ ಮುಂಚೆಯೇ ಕೇಳಬೇಕು. ಮೀಟರ್ ನೋಡಿ ಹಾರಲು ಕಲಿಯದವರು ಮೋಡದೊಳಗೆ ಹೊಕ್ಕರೆ ವಿಮಾನ ವಾಲಿದ್ದು ಕೂಡ ದೇಹಕ್ಕೆ ತಿಳಿಯುವುದಿಲ್ಲ. ಮುಂದೆ ಮುಚ್ಚುತ್ತಿದೆ ಅನ್ನಿಸಿದರೆ ಹಿಂದಕ್ಕೆ ತಿರುಗುವುದು, ತಿರುಗುತ್ತಲೇ ಎಟಿಸಿಗೆ ಹೇಳುವುದು.

ಸ್ಕೂಲ್ ನೋಡಲು ಹೋದಾಗ ಫೀಸು, ಹಾಸ್ಟೆಲ್ ಜೊತೆ ಇನ್ನೂ ಕೆಲವು ಮಾತು ಕೇಳಿ. ಎಲ್ಲಾ ವಿಮಾನಗಳಲ್ಲೂ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಇದೆಯಾ, ಕೆಟ್ಟರೆ ಆ ವಿಮಾನ ಹಾರಿಸುತ್ತಾರಾ? ತರಬೇತಿ ನಡೆಯುವ ಜಾಗದ ನಕ್ಷೆ ತೋರಿಸಿ, ಯಾವುದು ಯಾವ ವರ್ಗ ಅಂತ ಇನ್‌ಸ್ಟ್ರಕ್ಟರ್ ಬೆರಳಿಟ್ಟು ಹೇಳಬಲ್ಲರಾ? ಮೊದಲ ಸೋಲೋ (ಒಬ್ಬರೇ ಹಾರುವುದು) ಮುಂಚೆ ವಿದ್ಯಾರ್ಥಿಗಳನ್ನು ಕಂಟ್ರೋಲ್ ರೂಮಿಗೆ ಒಮ್ಮೆ ಕರೆದುಕೊಂಡು ಹೋಗುತ್ತಾರಾ? ಈ ಕೊನೆಯದನ್ನು ಸ್ಕೂಲ್ ಮಾಡದಿದ್ದರೆ ಅವಳೇ ಅರ್ಜಿ ಕೊಟ್ಟು ಕೇಳಲಿ. ಒಂದು ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಕಂಟ್ರೋಲರ್ ಪಕ್ಕ ಕೂತು ಕೇಳಿದರೆ, ತನ್ನ ಸೆಸ್ನಾ ಆ ತೆರೆಯ ಮೇಲೆ ಎಷ್ಟು ಚಿಕ್ಕದು, ತಾನು ತಡಮಾಡಿ ಕೊಟ್ಟ ಒಂದು ಉತ್ತರಕ್ಕಾಗಿ ಎಷ್ಟು ವಿಮಾನ ಕಾಯುತ್ತವೆ ಎಂಬುದು ಅವಳಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.